ಕೊಕ್ಕರೆ ರೋಗಕ್ಕೆ ಅರಿಶಿನ, ಬೆಳ್ಳುಳ್ಳಿ ಸಾಕೇ? ನಾಟಿಕೋಳಿ ಸಾಕುವ ಮನೆಯ ಔಷಧ ಪೆಟ್ಟಿಗೆಯಲ್ಲಿ ಏನಿರಬೇಕು?

ಬೇಸಿಗೆ ಬಂತೆಂದರೆ ಕೋಳಿ ಸಾಕುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಸುತ್ತಲು ಶುರುವಾಗುತ್ತದೆ: 'ಅರಿಶಿನ, ಬೆಳ್ಳುಳ್ಳಿ, ಮೆಣಸು ಅರೆದು ಉಂಡೆ ಮಾಡಿ ಮೂರು ದಿನ ಕೊಡಿ, ಕೊಕ್ಕರೆ ರೋಗ ಮಾಯ. ಎಲ್ಲರಿಗೂ ಶೇರ್ ಮಾಡಿ.' ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಹಿತ್ತಲಿನ ಹತ್ತು ಹದಿನೈದು ನಾಟಿಕೋಳಿ ಎಂದರೆ ಮನೆಯ ಹೆಂಗಸರ ಕೈಖರ್ಚಿನ ಹಣ. ಯುಗಾದಿಯ ಮಾರನೆಯ ದಿನದ ವರ್ಷತೊಡಕಿಗೆ, ಮಾರಮ್ಮನ ಹಬ್ಬಕ್ಕೆ ಒಳ್ಳೆ ಬೆಲೆ ಸಿಗುವ ಹೊತ್ತಿಗೇ ರೋಗ ಬಂದರೆ ವಾರದೊಳಗೆ ಗೂಡು ಖಾಲಿ. ಹಾಗಾಗಿ ಯಾವ ಮನೆಮದ್ದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ, ಪೆಟ್ಟಿಗೆಯಲ್ಲಿ ಏನಿಟ್ಟುಕೊಳ್ಳಬೇಕು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಹೇಳಿಕೆ 1: ಅರಿಶಿನ, ಬೆಳ್ಳುಳ್ಳಿ ಉಂಡೆಯಿಂದ ಕೊಕ್ಕರೆ ರೋಗ ವಾಸಿಯಾಗುತ್ತದೆ

ಇದು ತಪ್ಪು. ನಾವು ಕೊಕ್ಕರೆ ರೋಗ ಎನ್ನುವುದನ್ನೇ ಪಶುವೈದ್ಯರು ರಾಣಿಖೇತ್ ಎನ್ನುತ್ತಾರೆ. ಭಾರತದಲ್ಲಿ ಇದನ್ನು 1927ರಲ್ಲಿ ಉತ್ತರಾಖಂಡದ ರಾಣಿಖೇತ್‌ನಲ್ಲಿ ಗುರುತಿಸಿದ್ದರಿಂದ ಆ ಹೆಸರು. ಇದು ವೈರಸ್ ಕಾಯಿಲೆ. ಹಸಿರು ಅಥವಾ ಬಿಳಿ ಭೇದಿ, ಬಾಯಿ ತೆರೆದು ಏದುಸಿರು, ರೆಕ್ಕೆ ಜೋಲುವುದು, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣಗಳು. ಲಸಿಕೆ ಹಾಕದ ಹಿಂಡಿನಲ್ಲಿ ಹತ್ತರಲ್ಲಿ ಒಂಬತ್ತು ಕೋಳಿ ಸತ್ತರೂ ಆಶ್ಚರ್ಯವಿಲ್ಲ. ರೋಗ ತಗುಲಿದ ಮೇಲೆ ಇದಕ್ಕೆ ಔಷಧವಿಲ್ಲ. ಆ್ಯಂಟಿಬಯೋಟಿಕ್‌ಗೂ ವೈರಸ್ ಸಾಯುವುದಿಲ್ಲ.

ಹಾಗಾದರೆ 'ನಮ್ಮ ಮನೆಯಲ್ಲಿ ವಾಸಿಯಾಯಿತು' ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಕೋಳಿ ಸಿಡುಬು ಎಂಬ ಇನ್ನೊಂದು ವೈರಸ್ ರೋಗವಿದೆ. ಸೊಳ್ಳೆಗಳಿಂದ ಹರಡುವ ಇದರಲ್ಲಿ ಜುಟ್ಟು, ಕಣ್ಣಿನ ಸುತ್ತ ಗುಳ್ಳೆ ಏಳುತ್ತವೆ. ಹೆಚ್ಚಿನ ಕೋಳಿಗಳಲ್ಲಿ ಎರಡರಿಂದ ನಾಲ್ಕು ವಾರಕ್ಕೆ ತಾನಾಗಿಯೇ ಒಣಗಿ ಉದುರುತ್ತವೆ. ಆ ಹೊತ್ತಿಗೆ ಹಚ್ಚಿದ ಬೇವು ಅರಿಶಿನಕ್ಕೆ ಪೂರ್ತಿ ಹೆಸರು ಬರುತ್ತದೆ. ಕೊಕ್ಕರೆ ರೋಗದಲ್ಲಿಯೂ ಹಳೆಯ ರೋಗನಿರೋಧಕ ಶಕ್ತಿ ಇದ್ದ ಒಂದೆರಡು ಕೋಳಿ ಉಳಿಯುತ್ತವೆ. ಉಳಿದದ್ದು ಸಂದೇಶವಾಗುತ್ತದೆ, ಸತ್ತದ್ದು ಗುಂಡಿ ಸೇರುತ್ತದೆ.

ಉಂಡೆಯಿಂದಾಗುವ ದೊಡ್ಡ ನಷ್ಟ ಕಳೆದುಹೋಗುವ ಆ ಮೂರು ದಿನ. ಅಷ್ಟರಲ್ಲಿ ರೋಗ ಪಕ್ಕದ ಮನೆಗಳ ಗೂಡನ್ನೂ ಮುಟ್ಟಿರುತ್ತದೆ.

ಹೇಳಿಕೆ 2: ಹೇನು, ಉಣ್ಣೆಗೆ ಸೀಮೆಎಣ್ಣೆ ಹಚ್ಚಿ

ಬೇಡ. ಸೀಮೆಎಣ್ಣೆ ಚರ್ಮ ಸುಡುತ್ತದೆ, ಅದರ ಆವಿ ಕೋಳಿಯ ಸೂಕ್ಷ್ಮವಾದ ಉಸಿರಾಟಕ್ಕೆ ಹಾನಿ ಮಾಡುತ್ತದೆ. ಹೊಲ, ತೋಟಕ್ಕೆ ತಂದ ಕೀಟನಾಶಕ ಇನ್ನೂ ಅಪಾಯ. ಮೊಟ್ಟೆಯ ಮೂಲಕ ವಿಷ ಮನೆಯವರ ತಟ್ಟೆಗೇ ಬರಬಹುದು.

ಇಲ್ಲಿ ಹಳೆಯ ಪದ್ಧತಿಯೇ ಸರಿ. ಒಣ ಮಣ್ಣು, ಮರಳು, ಜರಡಿ ಹಿಡಿದ ತಣ್ಣನೆಯ ಒಲೆಬೂದಿ ಬೆರೆಸಿ ಗುಂಡಿಯಲ್ಲಿ ಹಾಕಿದರೆ ಕೋಳಿ ತಾನೇ ಹೊರಳಾಡುತ್ತದೆ. ಪುಡಿ ರೆಕ್ಕೆಯ ಸಂದಿಗೆ ಹೋಗಿ ಹೇನುಗಳನ್ನು ಒಣಗಿಸುತ್ತದೆ. ಜೊತೆಗೆ ಗೂಡಿನ ಬಿರುಕುಗಳನ್ನು ಕೆರೆದು ಸುಣ್ಣ ಬಳಿಯಬೇಕು, ಏಕೆಂದರೆ ಕೆಂಪು ಉಣ್ಣೆ ಹಗಲು ಅಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ.

ಹೇಳಿಕೆ 3: ರಾಗಿ ಹಾಕಿದರೆ ಮೊಟ್ಟೆ ಚಿಪ್ಪು ಗಟ್ಟಿಯಾಗುತ್ತದೆ

ಅರ್ಧ ಸತ್ಯ. ಧಾನ್ಯಗಳಲ್ಲಿ ರಾಗಿಗೆ ಸುಣ್ಣದಂಶ ಹೆಚ್ಚು, ನಿಜ. ಆದರೆ ಲೆಕ್ಕ ಹಾಕಿ ನೋಡಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾದದ್ದು ಒಂದೂವರೆಯಿಂದ 2 ಗ್ರಾಂ. ಮೊಟ್ಟೆ ಇಡುವ ಕೋಳಿಗೆ ಕಪ್ಪೆಚಿಪ್ಪಿನ ಪುಡಿ ಅಥವಾ ಹುರಿದು ಪುಡಿ ಮಾಡಿದ ಮೊಟ್ಟೆಚಿಪ್ಪನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಿನ್ನುತ್ತದೆ. ಎಲೆ ಅಡಿಕೆಯ ಸುಣ್ಣ ತಿನ್ನಿಸಬೇಡಿ, ಅದು ಬಾಯಿ, ಗಂಟಲನ್ನು ಸುಡುತ್ತದೆ.

ಹೇಳಿಕೆ 4: ಮನೆಯಲ್ಲಿ ಉಳಿದ ಮಾತ್ರೆ ಕೊಡಿ

ಮನುಷ್ಯರ ಆ್ಯಂಟಿಬಯೋಟಿಕ್ ಅನ್ನು ಅಂದಾಜಿನಲ್ಲಿ ಕೊಟ್ಟರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ, ಔಷಧದ ಅಂಶ ಮೊಟ್ಟೆ, ಮಾಂಸದಲ್ಲಿ ಉಳಿಯುತ್ತದೆ. ಈ ಕಾರಣಕ್ಕೇ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮತ್ತು ಜಾನುವಾರುಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ವೈದ್ಯರು ಔಷಧ ಬರೆದುಕೊಟ್ಟರೆ 'ಎಷ್ಟು ದಿನ ಮೊಟ್ಟೆ ತಿನ್ನಬಾರದು?' ಎಂದು ಕೇಳಲು ಮರೆಯಬೇಡಿ.

ಪೆಟ್ಟಿಗೆಯಲ್ಲಿ ಏನಿರಲಿ?

ಮುಚ್ಚಳವಿರುವ ಒಂದು ಹಳೇ ಡಬ್ಬ ಸಾಕು. ಮಕ್ಕಳ ಕೈಗೆ ಸಿಗದ ಕಡೆ ಇಡಿ.

• ಕೈಗವಸು, ಮಾಸ್ಕ್, ಸೋಪು
• ಹತ್ತಿ, ಗಾಜ್ ಬಟ್ಟೆ, ಅಂಟುವ ಬ್ಯಾಂಡೇಜ್ ಪಟ್ಟಿ, ಕತ್ತರಿ, ಚಿಮಟ
• ಪೊವಿಡೋನ್ ಅಯೋಡಿನ್ ದ್ರಾವಣ
• ಗಾಯ ತೊಳೆಯಲು ಉಪ್ಪುನೀರು: 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದಂದಿಗೆ ಮಾಡಿಕೊಳ್ಳಿ
• ಕೋಳಿಗಳಿಗೆಂದೇ ಸಿಗುವ ಎಲೆಕ್ಟ್ರೋಲೈಟ್ ಪುಡಿ
• ಸೂಜಿ ಇಲ್ಲದ ಸಿರಿಂಜ್ ಅಥವಾ ಡ್ರಾಪರ್
• ಟಾರ್ಚ್, ಒಂದು ಪುಸ್ತಕ, ಪೆನ್ನು: ಲಸಿಕೆಯ ದಿನಾಂಕ ಬರೆದಿಡಲು
• ಪೆಟ್ಟಿಗೆಯ ಹೊರಗೆ, ಕಾಯಿಲೆ ಕೋಳಿಯನ್ನು ಬೇರೆ ಇಡಲು ಒಂದು ಮಂಕರಿ ಅಥವಾ ಪಂಜರ

ಬಳಸುವುದು ಹೇಗೆ?

ಗಾಯವಾದರೆ: ನಾಯಿ, ಮುಂಗುಸಿ ಕಚ್ಚಿದ ಕೋಳಿಯನ್ನು ಮೊದಲು ಬೇರೆ ಮಾಡಿ. ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆ. ಗಾಜ್ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಉಪ್ಪುನೀರಿನಲ್ಲಿ ತೊಳೆದು, ಅಯೋಡಿನ್ ಹಚ್ಚಿ. ಸಣ್ಣ ತರಚುಗಾಯಕ್ಕೆ, ತೊಳೆದ ಮೇಲೆ, ಶುದ್ಧ ಅರಿಶಿನ ಹಚ್ಚಿದರೆ ತೊಂದರೆಯಿಲ್ಲ. ಆಳವಾದ ಗಾಯಕ್ಕೆ ಅರಿಶಿನ ತುಂಬಿ ಮುಚ್ಚಬೇಡಿ, ಒಳಗೇ ಕೀವಾಗುತ್ತದೆ.

ಬಿಸಿಲಿಗೆ ಬಳಲಿದರೆ: ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ರಾಮನಗರದ ಬಂಡೆ ಕಾಯುವ ಮಾರ್ಚ್, ಏಪ್ರಿಲ್‌ನಲ್ಲಿ ತಗಡಿನ ಗೂಡು ಒಲೆಯಂತಾಗುತ್ತದೆ. ಮಾಡಿನ ಮೇಲೆ ತೆಂಗಿನ ಗರಿ ಹೊದಿಸಿ. ಬಳಲಿದ ಕೋಳಿಯನ್ನು ನೆರಳಿಗೆ ತಂದು ಕಾಲನ್ನು ತಣ್ಣೀರಿನಲ್ಲಿ ಅದ್ದಿ, ಎಲೆಕ್ಟ್ರೋಲೈಟ್ ನೀರು ಇಡಿ. ಬಾಯಿಗೆ ನೀರು ಸುರಿಯಬೇಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಉಸಿರಿನ ದಾರಿಗೆ ಹೋಗುತ್ತದೆ. ಕೊಕ್ಕಿನ ಬದಿಗೆ ಒಂದೊಂದೇ ಹನಿ ಬಿಡಿ.

ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ: ಇದು ಸಾಮಾನ್ಯವಾಗಿ ಕಾಕ್ಸಿಡಿಯೋಸಿಸ್. ಒದ್ದೆ ನೆಲದಿಂದ ಹರಡುತ್ತದೆ. ನೆಲ ಒಣಗಿಸಿ, ಅಂದೇ ಪಶು ಆಸ್ಪತ್ರೆಗೆ ಹೋಗಿ. ಇದಕ್ಕೆ ಆಂಪ್ರೋಲಿಯಂನಂಥ ಔಷಧವಿದೆ, ತಡವಾದರೆ ಮರಿ ಉಳಿಯುವುದಿಲ್ಲ.

ಪೆಟ್ಟಿಗೆಯಲ್ಲಿ ಇಡಲಾಗದ ಮದ್ದು: ಲಸಿಕೆ

ಕೊಕ್ಕರೆ ರೋಗಕ್ಕೆ ಸಾಮಾನ್ಯವಾಗಿ ಮರಿಗೆ 5ರಿಂದ 7 ದಿನವಾದಾಗ ಕಣ್ಣು ಅಥವಾ ಮೂಗಿಗೆ ಒಂದು ಹನಿ, ಆಮೇಲೆ 6ರಿಂದ 8 ವಾರಕ್ಕೆ ಚುಚ್ಚುಮದ್ದು ಕೊಡುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಕೋಳಿಗಳ ಲಸಿಕೆಯನ್ನೂ ತಯಾರಿಸುತ್ತದೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಅಥವಾ ಹೆಚ್ಚು ಡೋಸ್ ಇರುವುದರಿಂದ ಹತ್ತು ಕೋಳಿಯ ಮನೆಯವರು ಒಬ್ಬರೇ ತರಲು ಹಿಂಜರಿಯುತ್ತಾರೆ. ಬೀದಿಯ ಏಳೆಂಟು ಮನೆಯವರು ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ರೋಗ ನುಗ್ಗಲು ಜಾಗವೂ ಉಳಿಯುವುದಿಲ್ಲ. ಈಗಾಗಲೇ ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಿಸಿ ಪ್ರಯೋಜನವಿಲ್ಲ.

ಸಾಲು ಸಾಲಾಗಿ ಸತ್ತರೆ?

ಮುಟ್ಟಬೇಡಿ, ಕೊಯ್ಯಬೇಡಿ, ಸಂತೆಗೆ ಒಯ್ಯಬೇಡಿ. ಹಕ್ಕಿಜ್ವರವೂ ಆರಂಭದಲ್ಲಿ ಕೊಕ್ಕರೆ ರೋಗದಂತೆಯೇ ಕಾಣುತ್ತದೆ, ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ವ್ಯತ್ಯಾಸ ತಿಳಿಯುತ್ತದೆ. 2012ರಲ್ಲಿ ಹೆಸರಘಟ್ಟದಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು. ಇದು ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಜೀವಕ್ಕೇ ಅಪಾಯ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಂಚಾರಿ ಚಿಕಿತ್ಸಾ ವಾಹನದ ಉಚಿತ ಸಂಖ್ಯೆ 1962ಕ್ಕೆ ಕರೆ ಮಾಡಿ.

ಸಾಯುವ ಮುಂಚೆ ಮಾರಿಬಿಡೋಣ ಎನಿಸುವುದು ಸಹಜ, ಹೋಗುತ್ತಿರುವುದು ಬಡವರ ಹಣ. ಆದರೆ ಆ ಕೋಳಿ ಸಂತೆಯಿಂದ ಇನ್ನೊಂದು ಊರಿನ, ನಮ್ಮಂಥದೇ ಇನ್ನೊಂದು ಮನೆಯ ಹಿತ್ತಲಿಗೆ ಹೋಗುತ್ತದೆ.

ಸಾರಾಂಶ

ಬೂದಿ ಸ್ನಾನ, ನೆರಳು, ಸ್ವಚ್ಛ ನೀರು, ತೊಳೆದ ಸಣ್ಣ ಗಾಯಕ್ಕೆ ಅರಿಶಿನ: ಇವು ಒಳ್ಳೆಯ ಮನೆಮದ್ದುಗಳೇ. ಕೊಕ್ಕರೆ ರೋಗಕ್ಕೆ ಮಾತ್ರ ಮನೆಮದ್ದಿಲ್ಲ, ಲಸಿಕೆಯೊಂದೇ ದಾರಿ. 'ಮೂರು ದಿನ ಉಂಡೆ ಕೊಡಿ' ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ನಿಮ್ಮ ಬೀದಿಯಲ್ಲಿ ಲಸಿಕೆ ಹಾಕಿಸುವ ದಿನ ಯಾವುದೆಂದು ಬರೆದು ಕಳಿಸಿ.