ಕ್ಯಾಲ್ವಿನ್ ಕೂಲಿಡ್ಜನ ನಿರಾಕರಣ ನೀತಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮೂವತ್ತನೆಯ ಅಧ್ಯಕ್ಷನಾದ ಕ್ಯಾಲ್ವಿನ್ ಕೂಲಿಡ್ಜನು (1872–1933) ಏನನ್ನೂ ಮಾಡದೆ ಆಳಿದವನೆಂಬ ಮಾತು ರೂಢವಾಗಿದೆ. ‘ಮೌನಿ ಕ್ಯಾಲ್’ ಎಂಬುದು ಆತನ ಅಡ್ಡಹೆಸರು. ಆದರೆ ಈ ಮೌನಿಯು ಪತ್ರಿಕಾಕರ್ತರನ್ನು ಐನೂರಕ್ಕೂ ಮಿಕ್ಕು ಸಲ ಕರೆದು ಮಾತನಾಡಿದನೆಂಬುದನ್ನು ನೆನೆದರೆ, ಅಡ್ಡಹೆಸರನ್ನು ಪ್ರಮಾಣವಾಗಿ ಹಿಡಿಯುವುದು ಯುಕ್ತವಲ್ಲವೆಂದು ತೋರುವುದು. ಆತನ ನಿಷ್ಕ್ರಿಯತೆ ಆಲಸ್ಯವಲ್ಲ. ತಿಳಿದು ಹಿಡಿದ ನೀತಿ.

ಆತನಿಗೆ ಕೀರ್ತಿ ತಂದುದು 1919ನೆಯ ಸೆಪ್ಟೆಂಬರಿನ ಬಾಸ್ಟನ್ ಪೋಲೀಸರ ಮುಷ್ಕರ. ಆಗ ಆತನು ಮೆಸಾಚುಸೆಟ್ಸ್ ಸಂಸ್ಥಾನದ ಗವರ್ನರು. ಅಲ್ಪವೇತನ, ದೀರ್ಘದುಡಿಮೆ, ಕೊಳಕಾದ ಠಾಣೆಗಳು ಇವುಗಳಿಂದ ನೊಂದ ಪೋಲೀಸರು ಕಾರ್ಮಿಕ ಸಂಘವನ್ನು ಕಟ್ಟಿಕೊಂಡರು. ಅವರ ಮುಖಂಡರನ್ನು ಅಮಾನತಿನಲ್ಲಿಟ್ಟೊಡನೆ ಸುಮಾರು 1,100 ಮಂದಿ ಕೆಲಸ ಬಿಟ್ಟು ನಡೆದರು. ನಗರದಲ್ಲಿ ಲೂಟಿ ನಡೆಯಿತು. ಮೊದಲು ಸೈನ್ಯವನ್ನು ಕರೆದವನು ನಗರಾಧ್ಯಕ್ಷ ಪೀಟರ್ಸನೇ ಹೊರತು ಕೂಲಿಡ್ಜನಲ್ಲ. ರಾಜಿಯ ಯತ್ನಕ್ಕೆ ಬೆಂಬಲವೀಯದೆ ಕಾದು, ಕಡೆಯಲ್ಲಿ ಸೈನ್ಯದ ಉಳಿದ ಭಾಗವನ್ನು ಕರೆಸಿ, ಸಾರ್ವಜನಿಕ ಕ್ಷೇಮಕ್ಕೆ ವಿರೋಧವಾಗಿ ಮುಷ್ಕರ ಹೂಡುವ ಹಕ್ಕು ಯಾರಿಗೂ ಎಲ್ಲಿಯೂ ಎಂದೂ ಇಲ್ಲವೆಂದು ಆತನು ತಂತಿ ಕಳುಹಿಸಿದನು. ದೇಶವೆಲ್ಲ ಕೊಂಡಾಡಿದುದು ಈ ತಂತಿಯನ್ನು. ಅದಕ್ಕೆ ಮುಂಚಿನ ವಿಳಂಬವನ್ನು ಜನರು ಮರೆತರು. ಕೂಲಿಡ್ಜನು ಮಾತ್ರ ಮರೆಯಲಿಲ್ಲವೆಂದು ನಮ್ಮ ಊಹೆ. ಮುಷ್ಕರ ಹೂಡಿದವರಿಗೆ ಮರಳಿ ಕೆಲಸ ದೊರೆಯಲಿಲ್ಲ.

ಈ ಕೀರ್ತಿಯಿಂದ ಉಪಾಧ್ಯಕ್ಷ ಪದವಿ ಬಂದಿತು. 1923ನೆಯ ಆಗಸ್ಟಿನಲ್ಲಿ ಹಾರ್ಡಿಂಗನು ತೀರಿಕೊಂಡಾಗ, ವರ್ಮಾಂಟಿನ ಹಳ್ಳಿಮನೆಯಲ್ಲಿ ಸೀಮೆಯೆಣ್ಣೆಯ ದೀಪದ ಬೆಳಕಿನಲ್ಲಿ ತಂದೆಯೇ ಮಗನಿಗೆ ಅಧ್ಯಕ್ಷನ ಪ್ರಮಾಣವಚನವನ್ನು ಬೋಧಿಸಿದನು. ಹಣಕಾಸಿನ ಮಂತ್ರಿ ಮೆಲ್ಲನನ ನೆರವಿನಿಂದ ಆದಾಯ ತೆರಿಗೆಯ ಪರಮ ದರವು 1926ರ ಶಾಸನದಂತೆ ನೂರಕ್ಕೆ 25ಕ್ಕೆ ಇಳಿಯಿತು. ಸುಮಾರು 2,200 ಕೋಟಿ ಡಾಲರುಗಳಷ್ಟಿದ್ದ ರಾಷ್ಟ್ರಋಣವು 1929ರ ವೇಳೆಗೆ 1,700 ಕೋಟಿಗೆ ತಗ್ಗಿತು. ಇದು ಅಲ್ಪಸಾಧನೆಯಲ್ಲ.

ಆದರೆ ರೈತರ ವಿಷಯ ಬೇರೆ. ಮಹಾಯುದ್ಧಾನಂತರ ಧಾನ್ಯದ ಬೆಲೆ ಕುಸಿದು ಅವರು ಸಾಲದಲ್ಲಿ ಮುಳುಗಿದ್ದರು. ಮಿಕ್ಕ ಬೆಳೆಯನ್ನು ಸರ್ಕಾರದ ಮಂಡಲಿಯೊಂದರ ಮೂಲಕ ಕೊಂಡು ಪರದೇಶಗಳಲ್ಲಿ ಮಾರಿ, ನಷ್ಟವನ್ನು ರೈತರ ಮೇಲಣ ಶುಲ್ಕದಿಂದಲೇ ತುಂಬಿಕೊಳ್ಳಬೇಕೆಂಬುದು ಮ್ಯಾಕ್‌ನೆರಿ–ಹಾಗನ್ ಮಸೂದೆಯ ಉದ್ದೇಶ. ಶಾಸನಸಭೆಗಳೆರಡೂ ಒಪ್ಪಿದ ಈ ಮಸೂದೆಯನ್ನು ಕೂಲಿಡ್ಜನು 1927ರಲ್ಲಿ ಒಮ್ಮೆ, 1928ರಲ್ಲಿ ಮತ್ತೊಮ್ಮೆ ತಿರಸ್ಕರಿಸಿದನು. ಸರ್ಕಾರವು ಬೆಲೆ ಕಟ್ಟಿದರೆ ಬೆಳೆ ಇನ್ನೂ ಹೆಚ್ಚಿ ಸಂಕಟ ಬೆಳೆಯುವುದೆಂಬ ಆತನ ವಾದವು ನಿಸ್ಸಾರವಾದುದಲ್ಲ. ಆದರೂ ಕಾರ್ಖಾನೆಗಳ ಸರಕನ್ನು ಕಾಯುತ್ತಿದ್ದ 1922ರ ಎತ್ತರದ ಆಮದು ಸುಂಕವನ್ನು ಆತನು ಎತ್ತಿಹಿಡಿದನಷ್ಟೆ! ಯಂತ್ರದೊಡೆಯನ ಬೆಲೆಯನ್ನು ಸುಂಕದಿಂದ ಕಾಯಬಹುದು, ನೇಗಿಲಿನವನ ಬೆಲೆಗೆ ಮಾತ್ರ ಕೈಹಾಕಬಾರದು ಎಂಬುದನ್ನು ತತ್ತ್ವವೆಂದು ಹೇಗೆ ಕರೆಯುವುದು? ಬಾಸ್ಟನ್ನಿನಲ್ಲಿ ಕಾದುದರಿಂದ ಆತನಿಗೆ ಲಾಭವಾಯಿತು. ಇಲ್ಲಿ ಕಾದುದರ ನಷ್ಟವನ್ನು ಹೊತ್ತವರು ಬೇರೆಯವರು.

1929ರ ಮಾರ್ಚಿಯಲ್ಲಿ ಆತನು ಪದವಿಯಿಂದಿಳಿದನು. 1933ನೆಯ ಜನವರಿ 5ರಂದು ಮೃತನಾದನು. ಬೆಳೆಯ ಬೆಲೆಯನ್ನು ಎತ್ತುವ ಹೊಣೆಯನ್ನು ಸರ್ಕಾರವೇ ವಹಿಸಿಕೊಂಡ ಶಾಸನವು ಅದೇ ವರ್ಷದ ಮೇ ತಿಂಗಳಲ್ಲಿ ಜಾರಿಗೆ ಬಂದಿತು.