ದುಃಖದ ಗಳಿಗೆಯೂ ಆಯುಧಶಾಸನವೂ

ಬೈಂದೂರಿನಿಂದ ಕೊಲ್ಲೂರಿನವರೆಗೆ ಘಟ್ಟದ ಬುಡದಲ್ಲಿರುವ ತೋಟದ ಮನೆಗಳಲ್ಲಿ ಕೋವಿಯು ಯುದ್ಧದ ಸಾಧನವಲ್ಲ; ಹಂದಿ ಮಂಗಗಳಿಂದ ಬೆಳೆಯನ್ನು ಕಾಯುವ ಉಪಕರಣ. ಚುನಾವಣೆ ಬಂತೆಂದರೆ ಪರವಾನಗಿಯುಳ್ಳ ಆ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಡಬೇಕೆಂದು ಅಪ್ಪಣೆಯಾಗುವುದನ್ನು ಕುಂದಾಪುರ, ಬ್ರಹ್ಮಾವರಗಳ ರೈತರೂ ಬಲ್ಲರು. ರೈತನ ಕೋವಿಗೆ ಸರಕಾರದ ಪರವಾನಗಿ ಬೇಕೆಂಬ ಪದ್ಧತಿಯ ಮೂಲವನ್ನು ಅರಸಹೊರಟರೆ ನಾವು 1857ನೆಯ ಇಸವಿಗೆ ಹೋಗಬೇಕಾಗುತ್ತದೆ.

ಆ ವರ್ಷದ ಜುಲೈಯಲ್ಲಿ ಕಾನ್ಪುರದಲ್ಲಿ ಸೆರೆಯಲ್ಲಿದ್ದ ಆಂಗ್ಲ ಸ್ತ್ರೀಯರೂ ಮಕ್ಕಳೂ ಕೊಲೆಯಾದರು. ಆ ವಾರ್ತೆಯಿಂದ ಕಲ್ಕತ್ತೆಯಲ್ಲಿಯೂ ಲಂಡನ್ನಿನಲ್ಲಿಯೂ ಹುಟ್ಟಿದ ಶೋಕವು ನಿಜವಾದುದೇ. ಆದರೆ ಶೋಕಿಸಿದವರಿಗಿಂತ ಶೋಕವನ್ನು ಉಪಯೋಗಿಸಿಕೊಂಡವರ ಧ್ವನಿಯೇ ದೊಡ್ಡದಾಯಿತು. ಪತ್ರಿಕೆಗಳೂ ಭಾಷಣಕಾರರೂ ಪ್ರತೀಕಾರವನ್ನೇ ಕೇಳಿದರು. ವಿವೇಚನೆಯಿಲ್ಲದೆ ದಂಡಿಸಬಾರದೆಂದು ಆಜ್ಞೆಯಿತ್ತ ಗವರ್ನರ್ ಜನರಲ್ ಕ್ಯಾನಿಂಗನು ‘ಕರುಣಾಳು ಕ್ಯಾನಿಂಗ್’ ಎಂಬ ಅಪಹಾಸ್ಯಕ್ಕೆ ಗುರಿಯಾದನು. ಅದೇ ವರ್ಷದ ಆಯುಧಶಾಸನವು ಜನಾಂಗಭೇದವನ್ನು ಮಾಡಲಿಲ್ಲವೆಂಬುದೂ ಅವನ ಮೇಲಿನ ದೂರಾಯಿತು. ಅವನನ್ನು ಹಿಂದಕ್ಕೆ ಕರೆಯಿಸಿಕೊಳ್ಳಬೇಕೆಂದು ಕಲ್ಕತ್ತೆಯ ಐರೋಪ್ಯರು ಅರ್ಜಿ ಬರೆದರು. ಅವನು ಬಗ್ಗಲಿಲ್ಲ.

ಆದರೆ ಕಾಗದದ ಮೇಲಿನ ಸಮತೆಯು ಹಳ್ಳಿಗೆ ತಲಪಲಿಲ್ಲ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೇ ಬದುಕು, ಅದೇ ಮಾನ. ಅದನ್ನು ಒಪ್ಪಿಸಲಾರೆವೆಂದು ಅವರು ನವೆಂಬರಿನ ಕೊನೆಯಲ್ಲಿ ಎದ್ದು ನಿಂತಾಗ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಮಂದಿಯನ್ನು ಗಲ್ಲಿಗೇರಿಸಿದರು. ಕಾನ್ಪುರದ ಹತ್ಯೆಗೂ ಈ ಬೇಡರಿಗೂ ಏನು ಸಂಬಂಧ? ಅತ್ತ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನನು ಕೊಡವರ ರಾಜನಿಷ್ಠೆಯನ್ನು ಮೆಚ್ಚಿ ಅವರನ್ನು ಈ ನಿರ್ಬಂಧದಿಂದ ಬಿಡುಗಡೆಮಾಡಿದನು. ಆ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರಕಾರವು ಮತ್ತೆ 10 ವರ್ಷ ಮುಂದುವರಿಸಿತು.

ಕ್ಯಾನಿಂಗನು ಕೋಪದ ಕಾಲದಲ್ಲಿ ನಿರಾಕರಿಸಿದ ಭೇದವನ್ನು ಲಿಟ್ಟನನ ಸರಕಾರವು ಶಾಂತಿಯ ಕಾಲದಲ್ಲಿ ನೀಡಿತು. 1878ರ ಆಯುಧಶಾಸನದ ವ್ಯವಸ್ಥೆಯಲ್ಲಿ ಐರೋಪ್ಯನಿಗೆ ಪರವಾನಗಿ ಬೇಡ, ಭಾರತೀಯನಿಗೆ ಬೇಕು. 1887ರ ಮದ್ರಾಸ್ ಅಧಿವೇಶನದಲ್ಲಿ ಕಾಂಗ್ರೆಸ್ಸು ಇದರ ವಿರುದ್ಧ ನಿರ್ಣಯಮಾಡಿತು. ಕಾನ್ಪುರದ ಮೃತರು ಮಣ್ಣಾಗಿ 21 ವರ್ಷಗಳಾಗಿದ್ದರೂ ಅಂದು ಬಿತ್ತಿದ ಭಯವು ಫಲ ಕೊಡುತ್ತಲೇ ಇತ್ತು.

ಹಾಗೆಂದು ದುಃಖದಲ್ಲಿ ಹುಟ್ಟಿದ ಶಾಸನವೆಲ್ಲವೂ ಕೆಟ್ಟುದೆನ್ನಲಾಗದು. 1996ರ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಪೋರ್ಟ್ ಆರ್ಥರಿನಲ್ಲಿ ಒಬ್ಬನ ಗುಂಡಿಗೆ 35 ಮಂದಿ ಬಲಿಯಾದರು. ಪ್ರಧಾನಿ ಜಾನ್ ಹೋವರ್ಡರು 12 ದಿನಗಳಲ್ಲಿ ಎಲ್ಲ ಪ್ರಾಂತಗಳನ್ನೂ ಕಟ್ಟುನಿಟ್ಟಿನ ನಿಯಮಕ್ಕೆ ಒಪ್ಪಿಸಿದರು. ಅದನ್ನು ಬಲವಾಗಿ ವಿರೋಧಿಸಿದವರಲ್ಲಿ ಅವರದೇ ಕೂಟಕ್ಕೆ ಮತ ಕೊಡುತ್ತಿದ್ದ ಗ್ರಾಮಸ್ಥರು ಅನೇಕರಿದ್ದರು. ಜನರ ಶೋಕವನ್ನು ಹೋವರ್ಡರೂ ಬಳಸಿದರು, ನಿಜ. ಆದರೆ ಅದಕ್ಕಾಗಿ ತಮ್ಮವರ ಮುನಿಸನ್ನು ಹೊತ್ತರು.

ನಮ್ಮ ನಾಡಿನಲ್ಲಿ 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರೂ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರೂ ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಗೌರಿಯವರ ಹತ್ಯೆಯಾದಾಗ ತನಿಖೆಯು ಕಾಲೂರುವ ಮೊದಲೇ ಪಕ್ಷಗಳ ಮುಖಂಡರು ಪರಸ್ಪರರನ್ನು ದೂಷಿಸಿ ಹೇಳಿಕೆಯಿತ್ತರು. ತನಿಖೆಯವರು ಹೇಳಿದಂತೆ ಕೊಂದುದು ನಾಡಪಿಸ್ತೂಲು. ಅಂಥ ಆಯುಧ ಎಲ್ಲಿ ತಯಾರಾಗುತ್ತದೆ, ಯಾವ ದಾರಿಯಿಂದ ಬರುತ್ತದೆ ಎಂಬ ಪ್ರಶ್ನೆಯು ಆ ಗದ್ದಲದಲ್ಲಿ ಹಿಂದೆ ಬಿತ್ತು. ಅಕ್ರಮ ತಯಾರಿಕೆಗೆ ಶಿಕ್ಷೆಯನ್ನು ಹೆಚ್ಚಿಸಿದ ತಿದ್ದುಪಡಿಯು ಬಂದುದು 2019ರ ಡಿಸೆಂಬರಿನಲ್ಲಿ.

ವಾಚಕರೇ, ಶವದ ಮುಂದೆ ನಿಂತು ಮಾತನಾಡುವ ಮುಖಂಡನನ್ನು ಅಳೆಯಲು ಇತಿಹಾಸವು ನಮಗೊಂದು ಮಾನದಂಡವನ್ನು ಕೊಟ್ಟಿದೆ. ಆ ಮಾತಿನಿಂದ ಅವನಿಗೇನು ಲಾಭ, ಅದಕ್ಕಾಗಿ ಅವನು ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದಾನೆ ಎಂದು ಕೇಳಬೇಕು. ಕ್ಯಾನಿಂಗನು ಜನಪ್ರಿಯತೆಯನ್ನು ಕಳೆದುಕೊಂಡನು. ಏನನ್ನೂ ಕಳೆದುಕೊಳ್ಳದೆ ಕಣ್ಣೀರಿಡುವವನ ಮಾತಿಗೆ ನಾವು ತಲೆದೂಗಿದರೆ, ಅದರ ಬೆಲೆಯನ್ನು ಹಲಗಲಿಯಂಥ ಊರು ತೆರಬೇಕಾಗುತ್ತದೆ.