ಗಿಡಮೂಲಿಕೆ ಔಷಧ: ಸೇವನೆಗೆ ಮುನ್ನ ಅರಿಯಬೇಕಾದ ಸಂಗತಿಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲೂಕುಗಳ ಹಳ್ಳಿಗಳಲ್ಲಿ ಕೆಮ್ಮು, ಅಜೀರ್ಣ, ಕಾಮಾಲೆಗಳಿಗೆ ಮೊದಲ ಮದ್ದು ಇಂದಿಗೂ ಹಲವೆಡೆ ಹಿತ್ತಲಿನದೇ. ಈ ಅರಿವು ಹಿರಿಯರಿಂದ ಬಂದ ಆಸ್ತಿ. ಆದರೆ ‘ಸೊಪ್ಪು-ಬೇರಿನಿಂದ ಗುಣವಾಗದಿದ್ದರೂ ಕೇಡಂತೂ ಇಲ್ಲ’ ಎಂಬ ನಂಬಿಕೆ ಆಯುರ್ವೇದದ್ದಲ್ಲ. ಮೂಲಿಕೆಯ ಗುರುತು, ಪ್ರಮಾಣ, ಸೇವಿಸುವವರ ದೇಹಸ್ಥಿತಿ ಇವನ್ನು ಅರಿತೇ ಮದ್ದು ಕೊಡಬೇಕೆಂಬುದು ಆ ಶಾಸ್ತ್ರದ ನಿಯಮ.

ಗುರುತು

ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಅದನ್ನು ಒಪ್ಪದೆ, ಸೇವಿಸಿದ ಬಳ್ಳಿಯ ಗುರುತೇ ಖಚಿತವಾಗಿಲ್ಲ, ಅದೇ ಕುಲದ ಬೇರೊಂದು ಬಳ್ಳಿಯೂ ಇರಬಹುದು ಎಂದಿತು. ಚರ್ಚೆ ಏನೇ ಇರಲಿ, ನಾವು ಕಲಿಯಬೇಕಾದ ಪಾಠಗಳು ಎರಡು: ಗುರುತು ಖಚಿತವಿಲ್ಲದ ಬಳ್ಳಿಯನ್ನು ಕಷಾಯಕ್ಕೆ ಹಾಕಬಾರದು, ಯಕೃತ್ತಿನ ಕಾಯಿಲೆ ಉಳ್ಳವರು ವೈದ್ಯರನ್ನು ಕೇಳದೆ ಸೇವಿಸಬಾರದು. ಕಾಮಾಲೆ ಕಂಡಾಗ ಮೊದಲು ರಕ್ತಪರೀಕ್ಷೆ ಮಾಡಿಸಿರಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ.

ವಿಷಾಂಶವುಳ್ಳ ದ್ರವ್ಯಗಳು

ದತ್ತೂರಿ, ಗುಲಗಂಜಿ, ಎಕ್ಕೆ, ಕಣಗಿಲೆ, ಕೇರುಬೀಜ, ವತ್ಸನಾಭಿ ಇವು ಶಾಸ್ತ್ರೋಕ್ತ ಔಷಧಗಳೇ. ಆದರೆ 1945ರ ಔಷಧ ನಿಯಮಗಳು ಇವನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ಇವುಳ್ಳ ಸೇವನೌಷಧಗಳ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಮುದ್ರಿಸಲು ವಿಧಿಸಿವೆ. ಪಾದರಸ, ಹರಿತಾಳಗಳೂ ಆ ಪಟ್ಟಿಯಲ್ಲಿವೆ. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಪುಡಿಯನ್ನು, ಭಸ್ಮವನ್ನು ಸಂತೆಯಲ್ಲಿ ಕೊಳ್ಳಬೇಡಿರಿ.

ಬೇರೆ ಮಾತ್ರೆಗಳೊಂದಿಗೆ

ಜೇಷ್ಠಮಧುವನ್ನು ಬಹುದಿನ ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರಿ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಮಧುನಾಶಿನಿಯನ್ನು ಸಕ್ಕರೆ ಕಾಯಿಲೆಯ ಮಾತ್ರೆಯೊಡನೆ ಸೇವಿಸಿದರೆ ಸಕ್ಕರೆ ಅತಿಯಾಗಿ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆದುದರಿಂದ ಸೇವಿಸುತ್ತಿರುವ ಎಲ್ಲ ಮದ್ದುಗಳನ್ನೂ ಇಬ್ಬರು ವೈದ್ಯರಿಗೂ ತಿಳಿಸಿರಿ. ನಿತ್ಯದ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಬಿಡಬೇಡಿರಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಹಸುಗೂಸುಗಳಿಗೆ ಕೇಳದೆ ಯಾವುದನ್ನೂ ಕೊಡಬಾರದು.

ತೊಂದರೆ ಕಂಡಾಗ

ಮೈಮೇಲೆ ದದ್ದು, ಬಿಡದ ವಾಂತಿ, ಕಡು ಹಳದಿ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಆ ಮೂಲಿಕೆಯನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಉಸಿರಾಟಕ್ಕೆ ತೊಂದರೆ, ಮುಖದ ಬಾವು, ಭ್ರಮೆ, ಪ್ರಜ್ಞೆ ತಪ್ಪುವಿಕೆ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. ಉಳಿದ ಪುಡಿ, ಚೀಟಿ, ಎಲೆ, ಬೇರನ್ನು ಎಸೆಯದೆ ಆಸ್ಪತ್ರೆಗೆ ಒಯ್ಯಿರಿ. ಚಿಕಿತ್ಸೆಯ ದಾರಿಯನ್ನು ಅವೇ ತೋರಬಹುದು. ಮದ್ದು ಕೊಟ್ಟವರ ಮೇಲಿನ ಗೌರವದಿಂದಲೋ ಸಂಕೋಚದಿಂದಲೋ ಸೇವಿಸಿದ್ದನ್ನು ಮುಚ್ಚಿಡಬಾರದೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.